ನಾದಕ್ಕೆ ನೆಲೆಯಿತ್ತ ಲೇಖನಿ

ಶಿಲ್ಪಿ ಕಡೆದ ವಿಗ್ರಹ ಶತಮಾನಗಳ ಕಾಲ ನಿಲ್ಲುತ್ತದೆ. ಕವಿ ರಚಿಸಿದ ಕಾವ್ಯ ಓಲೆಯಲ್ಲಿ ಉಳಿಯುತ್ತದೆ. ಆದರೆ ಕಚೇರಿಯಲ್ಲಿ ಹಾಡಿದ ರಾಗ ತಂಬೂರಿಯ ಶ್ರುತಿ ನಿಂತೊಡನೆ ಗಾಳಿಯಲ್ಲಿ ಲೀನವಾಗುತ್ತದೆ. ಧ್ವನಿಮುದ್ರಣ ವಿರಳವಾಗಿದ್ದ ಕಾಲದಲ್ಲಿ ಅಂತಹ ಕಚೇರಿಗಳ ಅನುಭವವನ್ನು ಅಕ್ಷರಗಳಲ್ಲಿ ಹಿಡಿದಿಟ್ಟವರಲ್ಲಿ ತಮಿಳಿನ ಪ್ರಸಿದ್ಧ ಲೇಖಕ ‘ಕಲ್ಕಿ’ ಕೃಷ್ಣಮೂರ್ತಿಯವರು ಪ್ರಮುಖರು.

ಕೃಷ್ಣಮೂರ್ತಿಯವರು 1899ರ ಸೆಪ್ಟೆಂಬರ್ 9ರಂದು ತಂಜಾವೂರು ಸೀಮೆಯ ಪುತ್ತಮಂಗಲದಲ್ಲಿ ಜನಿಸಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು 1921ರಲ್ಲಿ ಶಾಲೆಯನ್ನು ತೊರೆದು, ಸೆರೆಮನೆವಾಸವನ್ನೂ ಅನುಭವಿಸಿದರು. ಅನಂತರ ಪತ್ರಿಕಾವೃತ್ತಿಯನ್ನು ಕೈಗೊಂಡು, 1930ರ ದಶಕದಲ್ಲಿ ಮದರಾಸಿನ ‘ಆನಂದ ವಿಕಟನ್’ ಪತ್ರಿಕೆಯ ಸಂಪಾದಕರಾದರು.

ಆ ಪತ್ರಿಕೆಯ ‘ಆಡಲ್ ಪಾಡಲ್’ ಎಂಬ ಅಂಕಣದಲ್ಲಿ ಅವರು ಸಂಗೀತ, ನೃತ್ಯಗಳ ವಿಮರ್ಶೆ ಬರೆಯತೊಡಗಿದರು. ಅದಕ್ಕಾಗಿ ಅವರು ತಳೆದ ಹೆಸರು ‘ಕರ್ನಾಟಕಂ’. ತಮಿಳಿನಲ್ಲಿ ಈ ಮಾತು ಕರ್ನಾಟಕ ಸಂಗೀತವನ್ನಷ್ಟೇ ಅಲ್ಲದೆ ಹಳೆಯ ಕಾಲದ ಮನುಷ್ಯನನ್ನೂ ಸೂಚಿಸುತ್ತದೆ. ಹೆಸರಿನಲ್ಲಿಯೇ ಇದ್ದ ಈ ವಿನೋದ ಬರವಣಿಗೆಯಲ್ಲಿಯೂ ತುಂಬಿತ್ತು. ಶಾಸ್ತ್ರದ ಕಠಿಣ ಪರಿಭಾಷೆಯನ್ನು ಬದಿಗಿರಿಸಿ, ಸಾಮಾನ್ಯ ರಸಿಕನಿಗೆ ತಿಳಿಯುವ ಮಾತಿನಲ್ಲಿ ಅವರು ಬರೆದರು. ಮೆಚ್ಚಿದುದನ್ನು ಮನಸಾರೆ ಹೊಗಳಿದರು. ಮೆಚ್ಚದುದನ್ನು ಅಳುಕದೆ ಹೇಳಿದರು. ಮದರಾಸಿನ ಸಭೆಗಳನ್ನು ಕಾಣದ ಹಳ್ಳಿಯ ಓದುಗರೂ ಅಲ್ಲಿನ ವಿದ್ವಾಂಸರನ್ನು ಪತ್ರಿಕೆಯ ಮೂಲಕ ಅರಿತರು.

ಅಂದಿನ ಕಚೇರಿಗಳಲ್ಲಿ ತೆಲುಗು ಮತ್ತು ಸಂಸ್ಕೃತ ಕೃತಿಗಳೇ ಹೆಚ್ಚಾಗಿದ್ದವು. ತಮಿಳರು ತಮ್ಮ ನುಡಿಯ ಹಾಡುಗಳನ್ನೂ ಕೇಳುವಂತಾಗಬೇಕೆಂದು ಕೃಷ್ಣಮೂರ್ತಿಯವರು ವಾದಿಸಿದರು. ನಾದಕ್ಕೆ ಭಾಷೆಯ ಗಡಿಯಿಲ್ಲವೆಂದೂ, ಇದರಿಂದ ಪರಂಪರೆಗೆ ಧಕ್ಕೆಯಾದೀತೆಂದೂ ಹಲವರು ವಿರೋಧಿಸಿದರು. 1941ರಲ್ಲಿ ಟಿ. ಸದಾಶಿವಂ ಅವರೊಡನೆ ‘ಕಲ್ಕಿ’ ಪತ್ರಿಕೆಯನ್ನು ಆರಂಭಿಸಿದ ಮೇಲೂ ಅವರು ಈ ವಾದವನ್ನು ಬಿಡಲಿಲ್ಲ. 1943ರಲ್ಲಿ ಮದರಾಸಿನಲ್ಲಿ ತಮಿಳ್ ಇಸೈ ಸಂಘ ಸ್ಥಾಪನೆಯಾಯಿತು. ಕಚೇರಿಗಳಲ್ಲಿ ತಮಿಳು ಹಾಡುಗಳು ಕ್ರಮೇಣ ಹೆಚ್ಚಿನ ಸ್ಥಾನ ಪಡೆದವು.

1954ರ ಡಿಸೆಂಬರ್ 5ರಂದು ಕೃಷ್ಣಮೂರ್ತಿಯವರು ನಿಧನರಾದರು. ‘ಪೊನ್ನಿಯಿನ್ ಸೆಲ್ವನ್’ ಮೊದಲಾದ ಕಾದಂಬರಿಗಳಿಂದ ಅವರ ಕೀರ್ತಿ ಇಂದಿಗೂ ಉಜ್ವಲವಾಗಿದೆ. ವಾರವಾರವೂ ಬರೆದ ವಿಮರ್ಶೆಗಳ ಮಹತ್ವವೂ ಕಡಿಮೆಯದಲ್ಲ. ಅಂದು ಹಾಡಿದ ಕಂಠಗಳು ಮೌನವಾಗಿವೆ. ಕೇಳಿದ ಕಿವಿಗಳೂ ಇಲ್ಲವಾಗಿವೆ. ಆದರೂ ಆ ಸಂಜೆಗಳ ಸೊಗಸು ಅವರ ಬರಹಗಳಲ್ಲಿ ಉಳಿದಿದೆ. ಕಲೆಯನ್ನು ಸೃಷ್ಟಿಸುವವನಂತೆಯೇ ಅದನ್ನು ಪ್ರೀತಿಯಿಂದ, ಪ್ರಾಮಾಣಿಕತೆಯಿಂದ ದಾಖಲಿಸುವವನೂ ನಾಡಿಗೆ ಉಪಕಾರಿ.