ಆಟ ನೋಡಲು ಹೋದ ವೈದ್ಯ – ಜೇಮ್ಸ್ ಬ್ರೇಡ್

ಮಕ್ಕಳೇ, ಜಾತ್ರೆಯಲ್ಲೋ ಶಾಲೆಯಲ್ಲೋ ನೀವು ಜಾದೂ ಪ್ರದರ್ಶನ ನೋಡಿರಬಹುದು. ಕೆಲವರು ಅದರ ಜೊತೆಗೆ ಸಮ್ಮೋಹನವನ್ನೂ ತೋರಿಸುತ್ತಾರೆ. ವೇದಿಕೆಗೆ ಬಂದವನು ಹಸಿ ಆಲೂಗಡ್ಡೆಯನ್ನು ಸೇಬೆಂದು ತಿನ್ನುತ್ತಾನೆ. ನಾವೆಲ್ಲ ನಗುತ್ತೇವೆ. ಆದರೆ ಮನೆಗೆ ಬಂದ ಮೇಲೆ ಒಳಗೊಳಗೇ ಹೆದರಿಕೆ. ಆ ಜಾದೂಗಾರ ನನ್ನನ್ನು ದಿಟ್ಟಿಸಿದರೆ ನಾನೂ ಅವನು ಹೇಳಿದಂತೆ ಕೇಳಬೇಕಾಗುತ್ತದೆಯೇ? ಈ ಪ್ರಶ್ನೆಗೆ ಪ್ರಯೋಗದಿಂದ ಉತ್ತರ ಹುಡುಕಿದವರು ಜೇಮ್ಸ್ ಬ್ರೇಡ್.

ಬ್ರೇಡ್ ಅವರು 1795ರ ಜೂನ್ 19ರಂದು ಸ್ಕಾಟ್ಲೆಂಡಿನಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣ ಪಡೆದು, ಮೊದಲು ಸೀಸದ ಗಣಿಯೊಂದರ ಕಾರ್ಮಿಕರಿಗೆ ವೈದ್ಯರಾದರು. ಮುಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿ, ತಿರುಚಿದ ಪಾದ ಮತ್ತು ಮೆಳ್ಳಗಣ್ಣಿನ ಶಸ್ತ್ರಚಿಕಿತ್ಸೆಗೆ ಹೆಸರಾದರು.

1841ರ ನವೆಂಬರ್ 13ರಂದು ಆ ನಗರದಲ್ಲಿ ಫ್ರಾನ್ಸಿನ ಲಾಫಾಂಟೇನ್ ಎಂಬವರ ಪ್ರದರ್ಶನವಿತ್ತು. ಅವರು ಕೈಯಾಡಿಸಿ ಜನರನ್ನು ಮಂಪರಿಗೆ ತರುತ್ತಿದ್ದರು. ಸೂಜಿ ಚುಚ್ಚಿದರೂ ಅವರು ಬೆಚ್ಚುತ್ತಿರಲಿಲ್ಲ. ತನ್ನ ದೇಹದಿಂದ ಅಯಸ್ಕಾಂತದಂಥ ಶಕ್ತಿ ಹರಿಯುತ್ತದೆ ಎಂಬುದು ಪ್ರದರ್ಶಕರ ವಾದ. ಈ ವಾದ ಹೊಸದಲ್ಲ. ಮೆಸ್ಮರ್ ಎಂಬ ವೈದ್ಯರು ಮೊದಲೇ ಹೀಗೆ ಹೇಳಿದ್ದರು. 1784ರಲ್ಲಿ ಲಾವಾಸಿಯೇ, ಬೆಂಜಮಿನ್ ಫ್ರಾಂಕ್ಲಿನ್ ಮೊದಲಾದವರ ಸಮಿತಿ ಪರೀಕ್ಷಿಸಿ, ಅಂಥ ಶಕ್ತಿ ಇಲ್ಲವೆಂದು ತೀರ್ಮಾನಿಸಿತ್ತು.

ಇದೆಲ್ಲ ಮೋಸವೆಂದೇ ಭಾವಿಸಿ ಬ್ರೇಡ್ ಅಲ್ಲಿಗೆ ಹೋಗಿದ್ದರು. ಆದರೆ ಮುಂದಿನ ಪ್ರದರ್ಶನದಲ್ಲಿ ಮಂಪರಿನಲ್ಲಿದ್ದವರಿಗೆ ಕಣ್ಣು ತೆರೆಯಲು ಆಗದಿದ್ದುದು ಅವರ ಗಮನ ಸೆಳೆಯಿತು. ಮತ್ತೆ ಹೋಗಿ ನೋಡಿದರು. ಬಳಿಕ ಮನೆಯಲ್ಲೇ ಪ್ರಯೋಗಕ್ಕೆ ಕುಳಿತರು. ಕಣ್ಣಿಗಿಂತ ತುಸು ಮೇಲೆ ಇರಿಸಿದ ಸೀಸೆಯ ಬಾಯನ್ನೇ ಎವೆಯಿಕ್ಕದೆ ನೋಡುವಂತೆ ಗೆಳೆಯರೊಬ್ಬರಿಗೆ ಹೇಳಿದರು. ಯಾರೂ ಮುಟ್ಟಲಿಲ್ಲ, ಕೈಯಾಡಿಸಲಿಲ್ಲ. ಆದರೂ ಸುಮಾರು ಮೂರು ನಿಮಿಷಗಳಲ್ಲಿ ಗೆಳೆಯರು ಮಂಪರಿಗೆ ಜಾರಿದರು! ಹೆಂಡತಿಯ ಮೇಲೂ ಮನೆಯ ಸೇವಕನ ಮೇಲೂ ಪ್ರಯೋಗ ನಡೆಸಿದರು. ಫಲಿತಾಂಶ ಅದೇ. ಅಂದರೆ, ಮಂಪರು ನಿಜ. ಪ್ರದರ್ಶಕನ ಶಕ್ತಿ ಮಾತ್ರ ಸುಳ್ಳು. ಕಾರಣ ಇರುವುದು ನೋಡುವವನ ಏಕಾಗ್ರತೆಯಲ್ಲಿ.

1842ರಲ್ಲಿ ಪಾದ್ರಿಯೊಬ್ಬರು ಇದು ಸೈತಾನನ ಕೆಲಸವೆಂದು ಸಾರಿದರು. ಅದೇ ವರ್ಷ ವಿಜ್ಞಾನಿಗಳ ಸಭೆಯೊಂದು ಬ್ರೇಡ್ ಅವರ ಪ್ರಬಂಧವನ್ನು ತಿರಸ್ಕರಿಸಿತು. ಅವರು ಕುಗ್ಗದೆ 1843ರಲ್ಲಿ ಪುಸ್ತಕ ಪ್ರಕಟಿಸಿದರು. ನಿದ್ರೆ ಎಂಬ ಅರ್ಥದ ಗ್ರೀಕ್ ಪದದಿಂದ ಹಿಪ್ನಾಟಿಸಂ ಎಂಬ ಹೆಸರು ಬಳಕೆಗೆ ತಂದರು. ಮುಂದೆ ಇದು ನಿದ್ರೆಯೇ ಅಲ್ಲ, ಒಂದೇ ವಿಚಾರದಲ್ಲಿ ಮನಸ್ಸು ನೆಡುವುದು ಎಂದು ಅರಿತಾಗ, ತಮ್ಮ ಹೆಸರನ್ನು ತಾವೇ ಬದಲಿಸಲು ಹೊರಟರು. ಆದರೆ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. 1860ರ ಮಾರ್ಚ್ 25ರಂದು ಅವರು ನಿಧನರಾದರು.

ಈ ವಿದ್ಯೆಯಿಂದ ಉಪಯೋಗವುಂಟೇ? ಉಂಟು. ಈಥರ್ ಅರಿವಳಿಕೆ ಬಳಕೆಗೆ ಬರುವ ಮೊದಲೇ, 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯರು ರೋಗಿಗಳನ್ನು ಮೆಸ್ಮರ್ ವಿಧಾನದಿಂದ ಮಂಪರಿಗೆ ತಂದು ಶಸ್ತ್ರಚಿಕಿತ್ಸೆ ಮಾಡಿದರು. ಇಂದು ತರಬೇತಿ ಪಡೆದ ವೈದ್ಯರು ಮತ್ತು ಮನೋವಿಜ್ಞಾನಿಗಳು ನೋವು, ಆತಂಕ ತಗ್ಗಿಸಲು ಇತರ ಚಿಕಿತ್ಸೆಗಳ ಜೊತೆ ಇದನ್ನು ಬಳಸುತ್ತಾರೆ. ಇದು ಸರ್ವರೋಗಕ್ಕೂ ಮದ್ದಲ್ಲ.

ಹಾಗಾದರೆ ವೇದಿಕೆಯ ಆಲೂಗಡ್ಡೆ? ಪ್ರದರ್ಶಕರು ತಾವಾಗಿ ಮುಂದೆ ಬಂದವರಲ್ಲಿ ಸಲಹೆಗೆ ಬೇಗ ಒಲಿಯುವವರನ್ನೇ ಆರಿಸಿಕೊಳ್ಳುತ್ತಾರೆ. ಎದುರಿಗೆ ಕುಳಿತ ಜನರ ಉತ್ಸಾಹವೂ ಸೇರಿಕೊಳ್ಳುತ್ತದೆ. ಮನಸ್ಸಿಲ್ಲದವನನ್ನು ದಿಟ್ಟಿಸಿ ವಶಮಾಡಿಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ವಶೀಕರಣ ಮಾಡುತ್ತೇವೆಂಬ ಗೋಡೆಬರಹಗಳನ್ನು ನಂಬಿ ಮನೆಯವರು ಹಣ ಕಳೆದುಕೊಳ್ಳದಂತೆ ನೀವೇ ತಿಳಿಹೇಳಿ. ಮನಸ್ಸಿನ ತೊಂದರೆ ಇದ್ದವರು ಹೋಗಬೇಕಾದದ್ದು ನಮ್ಮ ಧಾರವಾಡದ ಡಿಮ್ಹಾನ್ಸ್‌ನಂಥ ಆಸ್ಪತ್ರೆಗೆ.

ನೆನಪಿಡಿ: ಗೆಳೆಯರ ಮೇಲೆ ಸಮ್ಮೋಹನ ಪ್ರಯೋಗಿಸಬೇಡಿ. ಆದರೆ ಬ್ರೇಡ್ ಅವರಂತೆ ಪ್ರಶ್ನಿಸುವುದನ್ನೂ ಪರೀಕ್ಷಿಸುವುದನ್ನೂ ಬಿಡಬೇಡಿ.