ಸ್ವಿಚ್ ಕೈಕೊಟ್ಟಾಗ ಪರಿಚಯವಾದ ಲಿಯೋ ಫೆಂಡರ್

ಕಳೆದ ಗಣೇಶ ಹಬ್ಬಕ್ಕೆ ನಾವು ಮೂವರು ಗಂಗಾವತಿ ಹತ್ತಿರದ ಶ್ರೀರಾಮನಗರಕ್ಕೆ, ಗೆಳೆಯನ ಮನೆಗೆ ಹೋಗಿದ್ವಿ. ಪೆಂಡಾಲ್‌ನಲ್ಲಿ ಗಿಟಾರ್ ನುಡಿಸೋದಿತ್ತು. ನಮ್ಮ ಹಳೇ ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಬದಲಿಸೋ ಸ್ವಿಚ್ ಹಾಳಾಗಿತ್ತು ಅಂತ, ಹೊರಡೋ ಮುಂಚೆ ಒಂದು ದಪ್ಪ ಟಾಗಲ್ ಸ್ವಿಚ್ ತಂದು ಸೋಲ್ಡರ್ ಮಾಡಿದ್ವಿ. ಅದರ ಮೇಲೆ 6 ಆಂಪಿಯರ್, 250 ವೋಲ್ಟ್ ಅಂತ ಬರೆದಿತ್ತು. ಇದು ಗಟ್ಟಿ ಇರುತ್ತೆ ಅಂದ್ಕೊಂಡ್ವಿ. ಎರಡನೇ ಹಾಡಿಗೇ ಕರಕರ ಸದ್ದು, ಆಮೇಲೆ ಪೂರ್ತಿ ಮೌನ. ಊರವರ ಮುಂದೆ ಗೆಳೆಯನ ಮುಖ ನೋಡೋಕಾಗ್ಲಿಲ್ಲ.

ಹಾಸ್ಟೆಲ್‌ಗೆ ಬಂದು ಕಾರಣ ಹುಡುಕ್ತಾ ಹೋದಾಗ ಸಿಕ್ಕವರು ಲಿಯೋ ಫೆಂಡರ್.

ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಮನೆಯವರದು ಕಿತ್ತಳೆ ತೋಟ. ಎಂಟನೇ ವಯಸ್ಸಿಗೆ ಒಂದು ಕಣ್ಣು ಹೋಯಿತು, ಅಲ್ಲಿ ಗಾಜಿನ ಕಣ್ಣು ಬಂತು. ಅವರು ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರಲ್ಲ. ಕಾಲೇಜಿನಲ್ಲಿ ಓದಿದ್ದು ಅಕೌಂಟಿಂಗ್, ರೇಡಿಯೋ ಕೆಲಸ ಕಲಿತದ್ದು ತಾವೇ ಬಿಚ್ಚಿ ಜೋಡಿಸಿ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಹೋದ ಮೇಲೆ, 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು.

ಆ ಅಂಗಡಿಗೆ ಸಂಗೀತಗಾರರು ಕೆಟ್ಟ ಆಂಪ್ಲಿಫೈಯರ್ ಹೊತ್ತು ತರುತ್ತಿದ್ದರು. ಏನು ಎಲ್ಲಿ ಕೆಡುತ್ತೆ ಅನ್ನೋದು ಫೆಂಡರ್ ಅವರಿಗೆ ಅಲ್ಲೇ ತಿಳಿಯಿತು. 1950ರಲ್ಲಿ ಅವರು ತಂದ ಗಿಟಾರ್‌ಗೆ ಮರುವರ್ಷ ಟೆಲಿಕಾಸ್ಟರ್ ಎಂಬ ಹೆಸರು ಬಂತು. ಅದರ ಕುತ್ತಿಗೆ ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತೆ. ಸ್ವಿಚ್, ವಾಲ್ಯೂಮ್, ಟೋನ್ ಮೂರೂ ಒಂದೇ ತಗಡಿನ ಮೇಲಿವೆ, ಎರಡು ಸ್ಕ್ರೂ ತೆಗೆದರೆ ಎಲ್ಲ ಹೊರಗೆ! ರಿಪೇರಿ ಮಾಡುವವನ ಕಷ್ಟ ಗೊತ್ತಿದ್ದವರಿಗೆ ಮಾತ್ರ ಇಂಥದ್ದು ಹೊಳೆಯೋದು. ತಮಾಷೆ ಅಂದ್ರೆ, ಅವರಿಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ.

1954ರ ಸ್ಟ್ರಾಟೋಕಾಸ್ಟರ್‌ಗೆ ಮೂರು ಪಿಕಪ್, ಮೂರು ಸ್ಥಾನದ ಸ್ವಿಚ್. ವಾದಕರು ಲಿವರನ್ನು ಎರಡು ಸ್ಥಾನಗಳ ನಡುವೆ ನಿಲ್ಲಿಸಿ ಹೊಸ ಧ್ವನಿ ಕಂಡುಕೊಂಡರು. ಒಳಗಿನ ಲೋಹದ ನಾಲಿಗೆ ಒಂದು ಸಂಪರ್ಕ ಬಿಡುವ ಮುಂಚೆ ಮುಂದಿನದನ್ನು ಮುಟ್ಟುತ್ತಿತ್ತು, ಹಾಗಾಗಿ ಎರಡು ಪಿಕಪ್ ಒಟ್ಟಿಗೆ ಕೇಳುತ್ತಿದ್ದವು. ಕಂಪನಿ ಐದು ಸ್ಥಾನದ ಸ್ವಿಚ್ ಹಾಕಿದ್ದು 1977ರಲ್ಲಿ. ಅಷ್ಟರಲ್ಲಿ ಫೆಂಡರ್ ಅಲ್ಲಿರಲಿಲ್ಲ. ಆರೋಗ್ಯ ಕೆಟ್ಟಿದ್ದರಿಂದ 1965ರಲ್ಲಿ ಸಿಬಿಎಸ್‌ಗೆ 1.3 ಕೋಟಿ ಡಾಲರ್‌ಗೆ ಕಂಪನಿ ಮಾರಿದ್ದರು. ಆಮೇಲೆ ಚೇತರಿಸಿಕೊಂಡು ಮ್ಯೂಸಿಕ್ ಮ್ಯಾನ್, ಜಿ ಅಂಡ್ ಎಲ್ ಕಂಪನಿಗಳಲ್ಲಿ ಮತ್ತೆ ಗಿಟಾರ್ ಮಾಡಿದರು. ಪಾರ್ಕಿನ್ಸನ್ ಕಾಯಿಲೆ ಬಂದರೂ ಕೆಲಸ ಬಿಡಲಿಲ್ಲ. 1991ರ ಮಾರ್ಚ್ 21ರಂದು ತೀರಿಕೊಂಡರು.

ಈಗ ನಮ್ಮ ಸ್ವಿಚ್ ವಿಷಯ. ಮನೆಯ ಕರೆಂಟಿನ ಸ್ವಿಚ್‌ನಲ್ಲಿ ಸಣ್ಣ ಕಿಡಿ ಹಾರಿ ಲೋಹದ ಮೇಲಿನ ಪೊರೆ ಸುಟ್ಟುಹೋಗುತ್ತೆ. ಪಿಕಪ್‌ನಿಂದ ಬರೋದು ಮಿಲಿವೋಲ್ಟ್ ಲೆಕ್ಕದ ಸಿಗ್ನಲ್, ಅಲ್ಲಿ ಕಿಡಿ ಎಲ್ಲಿಂದ ಬರಬೇಕು? ಪೊರೆ ಹಾಗೇ ಉಳಿದು ಸಿಗ್ನಲ್ ನಿಲ್ಲುತ್ತೆ. ಅಂದ್ರೆ ಆಂಪಿಯರ್ ಜಾಸ್ತಿ ಇದ್ದ ಮಾತ್ರಕ್ಕೆ ಗಿಟಾರ್‌ಗೆ ಒಳ್ಳೇ ಸ್ವಿಚ್ ಅಂತಲ್ಲ. ನಮ್ಮ ಟಾಗಲ್ ಬಿಚ್ಚಿ ಸ್ವಚ್ಛ ಮಾಡೋಕೂ ಆಗ್ತಿರಲಿಲ್ಲ.

ಈ ಸಲ ಫೆಂಡರ್ ದಾರಿ ಹಿಡಿದ್ವಿ. ಸಂಪರ್ಕಗಳು ಕಣ್ಣಿಗೆ ಕಾಣುವ, ತೆರೆದ ಲಿವರ್ ಸ್ವಿಚ್ ತಂದ್ವಿ. ಶ್ರೀರಾಮನಗರದ ಭತ್ತದ ಧೂಳು ಇದರೊಳಗೂ ಹೋಗುತ್ತೆ ನಿಜ, ಆದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾವೇ ತೆಗೀಬಹುದು. ಸೋಲ್ಡರ್ ಮಾಡೋ ಮುಂಚೆ ಮಲ್ಟಿಮೀಟರ್ ಹಿಡಿದು ಐವತ್ತು ಸಲ ಆ ಕಡೆ ಈ ಕಡೆ ತಳ್ಳಿ ನೋಡಿದ್ವಿ. ಪ್ರತಿ ಸಲವೂ ರೀಡಿಂಗ್ ಒಂದು ಓಮ್‌ಗಿಂತ ಕಡಿಮೆ ಬಂತು, ಕುಣಿದಾಡಲಿಲ್ಲ.

ಮುಂದಿನ ಗಣೇಶ ಹಬ್ಬಕ್ಕೂ ಗೆಳೆಯ ಕರೆದಿದ್ದಾನೆ. ಗಿಟಾರ್ ಜೊತೆ ಈ ಸಲ ಸ್ಕ್ರೂಡ್ರೈವರ್ ಕೂಡ ಬ್ಯಾಗಿಗೆ ಹಾಕ್ತೀವಿ.