ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ (1881–1955)

ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1881ರ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಡಾರ್ವೆಲ್ ಬಳಿ ರೈತ ಕುಟುಂಬದಲ್ಲಿ ಜನಿಸಿದರು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಪಡೆದು ಅಲ್ಲಿಯೇ ಸಂಶೋಧಕರಾದರು. ಮೊದಲನೇ ಮಹಾಯುದ್ಧದಲ್ಲಿ ಗಾಯ ಕೀವುಗಟ್ಟಿ ಸೈನಿಕರು ಸಾಯುವುದನ್ನು ಕಣ್ಣಾರೆ ಕಂಡರು. 1928ರಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆದು, ಅದರ ಸುತ್ತಲಿನ ಬ್ಯಾಕ್ಟೀರಿಯಾ ನಾಶವಾಗಿದ್ದನ್ನು ಗಮನಿಸಿದರು. ಹೀಗೆ ಪೆನಿಸಿಲಿನ್ ಪತ್ತೆಯಾಯಿತು. ಅದನ್ನು ಔಷಧಿಯಾಗಿ ರೂಪಿಸಿದ ಫ್ಲೋರಿ ಮತ್ತು ಚೈನ್ ಅವರೊಂದಿಗೆ 1945ರ ನೊಬೆಲ್ ಪ್ರಶಸ್ತಿ ಪಡೆದರು.

ಆ ಪ್ರಶಸ್ತಿಯ ಭಾಷಣದಲ್ಲಿಯೇ ಅವರು ಎಚ್ಚರಿಸಿದ್ದರು: ಔಷಧಿಯನ್ನು ಸಾಲದಷ್ಟು ಪ್ರಮಾಣದಲ್ಲಿ ಕೊಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಔಷಧಿಗೆ ಬಗ್ಗದಂತಾಗುತ್ತದೆ.

ಆದರೆ ಅವರು ಬದುಕಿದ್ದಾಗಲೇ ಅಮೆರಿಕದಲ್ಲಿ ಕೋಳಿ, ಹಂದಿಗಳು ಬೇಗ ತೂಕ ಬರಲೆಂದು ಆಹಾರದಲ್ಲಿ ದಿನವೂ ಅಲ್ಪ ಪ್ರಮಾಣದ ಆಂಟಿಬಯೋಟಿಕ್ ಬೆರೆಸುವ ಪದ್ಧತಿ ಆರಂಭವಾಯಿತು. ರೋಗವಿಲ್ಲದ ಪ್ರಾಣಿಗೆ ಲಾಭಕ್ಕಾಗಿ ಕೊಟ್ಟ ಔಷಧಿ ಅದು. ಹೀಗೆ ಔಷಧಿಗೆ ಬಗ್ಗದ ಸಾಲ್ಮೊನೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾ ಮಾಂಸ, ಮೊಟ್ಟೆಗಳ ಮೂಲಕ ಮನುಷ್ಯರನ್ನು ತಲುಪುತ್ತದೆ. ಗೊಬ್ಬರ ಮತ್ತು ನೀರಿನ ಮೂಲಕ ತರಕಾರಿಗೂ ಬರುತ್ತದೆ. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ನಿಗದಿತ ದಿನಗಳಿಗೆ ಮೊದಲೇ ಮಾರಿದರೆ ಅದರಲ್ಲಿ ಔಷಧಿಯ ಅಂಶ ಉಳಿದಿರುತ್ತದೆ. ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಸಸ್ಯಾಹಾರಿ ಮನೆಗಳೂ ಇದಕ್ಕೆ ಹೊರತಲ್ಲ.

ಫ್ಲೆಮಿಂಗ್ ಅವರು 1955ರ ಮಾರ್ಚ್ 11ರಂದು ಲಂಡನ್ನಿನಲ್ಲಿ ನಿಧನರಾದರು. ಪ್ರಾಣಿಗಳ ತೂಕ ಹೆಚ್ಚಿಸಲು ಆಂಟಿಬಯೋಟಿಕ್ ಬಳಸುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲಿ ಪೂರ್ಣವಾಗಿ ನಿಲ್ಲಿಸಿತು. ಮನುಷ್ಯರಿಗೆ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು. ವೈದ್ಯರು ಹೇಳದೆ ಆಂಟಿಬಯೋಟಿಕ್ ನುಂಗದಿರುವುದು, ಕೊಟ್ಟ ಮಾತ್ರೆಗಳನ್ನು ಹೇಳಿದ ಕ್ರಮದಲ್ಲೇ ತೆಗೆದುಕೊಳ್ಳುವುದು ಪ್ರತಿ ಮನೆಯೂ ಪಾಲಿಸಬಹುದಾದ ಅವರ ಪಾಠ.